ಎನಾಮೆಲ್ ಪೇಂಟ್ ಮುಟ್ಟಿದ್ರೆ ಒಣಗಿದೆ, ಆದ್ರೂ ಬೆರಳಚ್ಚು ಬಿತ್ತು. ಎಷ್ಟು ದಿನ ಬಿಡ್ಬೇಕು?

ಕೆಂಪುಕಾರು:
1/24 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಾರಿನ ಬಾಡಿ ಮೇಲೆ ಗ್ಲಾಸ್ (ಹೊಳಪಿನ) ಕೆಂಪು ಎನಾಮೆಲ್ ಹೊಡ್ದಿದ್ದೆ, ಏರ್‌ಬ್ರಷ್‌ನಲ್ಲೇ, ಮೂರು ಕೋಟ್. ಮಾರನೇ ದಿನ ಮುಟ್ಟಿ ನೋಡ್ದೆ, ಅಂಟ್ತಿರ್ಲಿಲ್ಲ, ಆದ್ರೂ ಇರ್ಲಿ ಅಂತ ಇನ್ನೂ ಮೂರು ದಿನ ಬಿಟ್ಟೆ. ಆಮೇಲೆ ರೂಫ್ ಕಪ್ಪು ಮಾಡೋಣ ಅಂತ ಮಾಸ್ಕಿಂಗ್ ಟೇಪ್ ಹಾಕಿ, ಅಕ್ರಿಲಿಕ್ ಕಪ್ಪು ಹೊಡ್ದು, ರಾತ್ರಿಯೆಲ್ಲ ಟೇಪ್ ಹಾಗೇ ಬಿಟ್ಟೆ. ಬೆಳಿಗ್ಗೆ ಕಿತ್ತು ನೋಡಿದ್ರೆ ಬಾನೆಟ್ ಮೇಲೆ ಟೇಪಿನ ಸಣ್ಣ ಸಣ್ಣ ನೆರಿಗೆ ಹಾಗ್‌ಹಾಗೇ ಅಚ್ಚೊತ್ತಿದೆ, ಬಾಗಿಲ ಹತ್ರ ಹಿಡ್ಕೊಂಡಿದ್ದ ಕಡೆ ನನ್ನ ಹೆಬ್ಬೆರಳಿನ ಗೆರೆ ಎಣಿಸ್ಬಹುದು, ಅಷ್ಟು ಸ್ಪಷ್ಟವಾಗಿ ಬಿದ್ದಿದೆ. ತುಂಬಾ ಬೇಜಾರಾಯ್ತು. ನಾಲ್ಕು ದಿನ ಸಾಲಲ್ವಾ? ಇದನ್ನ ಉಳಿಸ್ಕೊಳ್ಳೋಕಾಗುತ್ತಾ? ಮೇಲೆ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ ಮೇಲ್ಪದರ) ಹೊಡೀಬೇಕು ಅಂತಿದ್ದೆ, ಅದೂ ಹೇಳಿ.

ಹಳೇಬ್ರಷ್:
ಮೊದ್ಲು ಲ್ಯಾಕರ್ ಡಬ್ಬ ದೂರ ಇಡಿ ದಯವಿಟ್ಟು. ಅರ್ಧಂಬರ್ಧ ಗಟ್ಟಿಯಾದ ಎನಾಮೆಲ್ ಮೇಲೆ ಲ್ಯಾಕರ್ ಬಿತ್ತು ಅಂದ್ರೆ ಅದರ ಥಿನ್ನರ್ ಕೆಳಗಿನ ಪದರಕ್ಕೆ ಇಳಿದು ಅದನ್ನ ಉಬ್ಬಿಸುತ್ತೆ, ಇಡೀ ಬಾಡಿ ಸುಕ್ಕುಸುಕ್ಕಾಗುತ್ತೆ, ಆಗ ಪೂರ್ತಿ ಕಿತ್ತು ಹೊಸದಾಗಿ ಶುರು ಮಾಡೋದು ಬಿಟ್ರೆ ದಾರಿ ಇಲ್ಲ.

ಈಗ ನಿಮ್ಮ ಪ್ರಶ್ನೆ. ಒಣಗೋದು ಬೇರೆ, ಗಟ್ಟಿಯಾಗೋದು ಬೇರೆ. ಎನಾಮೆಲ್‌ನಲ್ಲಿ ಮೊದಲು ಥಿನ್ನರ್ ಹಾರಿಹೋಗುತ್ತೆ, ಅದಕ್ಕೆ ಕೆಲವು ಗಂಟೆ ಸಾಕು, ನೀವು ಮುಟ್ಟಿ ನೋಡಿದ್ದು ಅದನ್ನ. ಆಮೇಲೆ ಒಳಗಿರೋ ಎಣ್ಣೆ ಅಂಶ ಗಾಳಿಲಿರೋ ಆಕ್ಸಿಜನ್ ಜೊತೆ ಸೇರಿ ನಿಧಾನಕ್ಕೆ ಬಿಗಿಯಾಗ್ಬೇಕು, ಅದು ಮೇಲಿಂದ ಕೆಳಕ್ಕೆ ನಡೆಯೋ ಕೆಲಸ, ಹಾಗಾಗಿ ಮೇಲೆ ಹಾಲಿನ ಕೆನೆ ಥರ ಪೊರೆ ಕಟ್ಟಿರುತ್ತೆ ಒಳಗೆ ಇನ್ನೂ ಮೆತ್ತಗೇ ಇರುತ್ತೆ. ಗ್ಲಾಸ್ ಅಂತೂ ಹೊಳಪಿಲ್ಲದ ಮ್ಯಾಟ್‌ಗಿಂತ ಜಾಸ್ತಿ ದಿನ ಎಳೆಯುತ್ತೆ. ದಪ್ಪ ಕೋಟ್ ಆಗಿದ್ರೆ ಮೂರ್ನಾಲ್ಕು ವಾರ ಅಂತಾನೇ ಲೆಕ್ಕ ಇಟ್ಕೊಳ್ಳಿ.

ನಾನು ದಿನ ಎಣಿಸಲ್ಲ, ಮೂಸಿ ನೋಡ್ತೀನಿ. ಮೂಗಿನ ಹತ್ರ ತಂದಾಗ ಪೇಂಟ್ ವಾಸನೆ ಸ್ವಲ್ಪ ಬಂದ್ರೂ ಇನ್ನೂ ಆಗಿಲ್ಲ ಅಂತ ಅರ್ಥ. ಜೊತೆಗೆ ಪ್ರತಿ ಸಲ ಒಂದು ಪ್ಲಾಸ್ಟಿಕ್ ಚಮಚಕ್ಕೂ ಅಷ್ಟೇ ಕೋಟ್ ಹೊಡ್ದು ಪಕ್ಕದಲ್ಲಿ ಇಡ್ತೀನಿ, ಉಗುರು ಒತ್ತೋದು, ಟೇಪ್ ಅಂಟಿಸಿ ಕೀಳೋದು ಎಲ್ಲಾ ಅದರ ಮೇಲೆ, ಮಾಡೆಲ್ ಮುಟ್ಟಲ್ಲ.

ಟ್ಯಾಂಕ್‌ಪ್ರೇಮಿ:
ಬಾಡಿ ಉಳಿಯುತ್ತೆ, ಚಿಂತೆ ಬೇಡ. ಈಗ ಉಜ್ಜೋಕೆ ಹೋಗ್ಬೇಡಿ, ಮೆತ್ತಗಿರೋವಾಗ ಉಜ್ಜಿದ್ರೆ ಪೇಂಟ್ ಉರುಳಿ ಉರುಳಿ ಬರುತ್ತೆ. ಪೂರ್ತಿ ಗಟ್ಟಿಯಾದ್ಮೇಲೆ 2000 ನಂಬರ್ ವೆಟ್ ಸ್ಯಾಂಡ್ ಪೇಪರ್‌ನಲ್ಲಿ ನೀರು ಹಾಕ್ಕೊಂಡು ಹಗುರವಾಗಿ ಉಜ್ಜಿ, ಅಂಚುಗಳನ್ನ ಮಾತ್ರ ಬಿಟ್ಬಿಡಿ, ಅಲ್ಲಿ ಬೇಗ ಪ್ಲಾಸ್ಟಿಕ್ ಕಾಣಿಸ್ಕೊಳ್ಳುತ್ತೆ. ಆಮೇಲೆ ತೆಳ್ಳಗೆ ಇನ್ನೊಂದು ಕೋಟ್. ಮುಂದಿನ ಸಲ ಟೇಪ್ ರಾತ್ರಿಯೆಲ್ಲ ಬಿಡ್ಬೇಡಿ, ಕಪ್ಪು ಮುಟ್ಟೋಷ್ಟು ಒಣಗಿದ ತಕ್ಷಣ ನಿಧಾನಕ್ಕೆ ಹಿಂದಕ್ಕೆ ಮಡಚಿ ಎಳೀರಿ.

ಬೇಗ ಆಗ್ಲಿ ಅಂತಿದ್ರೆ ಹಣ್ಣು ತರಕಾರಿ ಒಣಗಿಸೋ ಫುಡ್ ಡಿಹೈಡ್ರೇಟರ್ ಇದೆ, 40 ಡಿಗ್ರಿ ಸೆಲ್ಸಿಯಸ್ ಇಟ್ರೆ ಸಾಕು, ಚೆನ್ನಾಗೇ ಕೆಲಸ ಮಾಡುತ್ತೆ.

ರೆಕ್ಕೆಗೆರೆ:
ಡಿಹೈಡ್ರೇಟರ್ ಸರಿ, ಆದ್ರೆ 40 ದಾಟಿಸ್ಬೇಡಿ. ಮಾಡೆಲ್‌ನ ಪ್ಲಾಸ್ಟಿಕ್, ಅಂದ್ರೆ ಪಾಲಿಸ್ಟೈರೀನ್, ಮೆತ್ತಗಾಗೋದು 100ರ ಆಸುಪಾಸು ಅಂತಾರೆ ನಿಜ, ಆದ್ರೆ ತೆಳ್ಳಗಿನ ಕಂಬ, ಆಂಟೆನಾ, ರೆಕ್ಕೆ ತುದಿ ಇವೆಲ್ಲ ಅದಕ್ಕೂ ಎಷ್ಟೋ ಮೊದ್ಲೇ ಬಾಗುತ್ವೆ. ಹೇರ್ ಡ್ರೈಯರ್ ಹತ್ರ ಹಿಡ್ದು ನಾನು ಒಂದು ಬಾಲದ ರೆಕ್ಕೆ ಬಗ್ಗಿಸ್ಕೊಂಡಿದ್ದೀನಿ, ವಾಪಸ್ ನೆಟ್ಟಗೆ ಬರ್ಲೇ ಇಲ್ಲ.

ನಿಮಗೆ ಕಾಯೋದು ಕಷ್ಟ ಅನ್ಸಿದ್ರೆ ಬೇಸ್‌ಗೇ ಲ್ಯಾಕರ್ ಬಳಸಿ. ಅದರಲ್ಲಿ ಥಿನ್ನರ್ ಹಾರಿಹೋದ್ರೆ ಮುಗೀತು, ತೆಳ್ಳಗಿನ ಕೋಟ್ ಆದ್ರೆ ಮಾರನೇ ದಿನಾನೇ ಟೇಪ್ ಹಾಕ್ಬಹುದು, ಅದರ ಮೇಲೆ ಎನಾಮೆಲ್ ವಾಶ್ (ಗೆರೆ, ಸಂದುಗಳಿಗೆ ಇಳಿಸೋ ತೆಳುವಾದ ಬಣ್ಣ) ಕೂಡ ಧೈರ್ಯವಾಗಿ ಹಚ್ಬಹುದು. ಮಾಸ್ಕ್ ಮಾತ್ರ ಹಾಕ್ಕೊಳ್ಳಿ, ಕಿಟಕಿ ತೆಗ್ದಿಡಿ. ಈ ಕೆಂಪು ಬಾಡಿಗೆ ಅಕ್ರಿಲಿಕ್ ಕ್ಲಿಯರ್ ಸಾಕು, ಅದೂ ಕೆಂಪು ಗಟ್ಟಿಯಾದ್ಮೇಲೆ.

ಕೆಂಪುಕಾರು:
ಎಲ್ಲರಿಗೂ ಧನ್ಯವಾದ. ಈಗ್ಲೇ ಮೂಸಿ ನೋಡ್ದೆ, ಘಂ ಅಂತ ವಾಸನೆ ಬರ್ತಿದೆ. ಧೂಳು ಕೂರ್ದೆ ಇರ್ಲಿ ಅಂತ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ, ಇನ್ನೂ ಮೂರು ವಾರ ಹಾಗೇ ಇಡ್ತೀನಿ.

ಹಳೇಬ್ರಷ್:
ಅಯ್ಯೋ, ಅಲ್ಲೇ ಇದೆ ನೋಡಿ ಅರ್ಧ ಕಾರಣ! ಅದಕ್ಕೆ ಗಾಳಿ ಬೇಕು. ಮೊದಲ ಒಂದೆರಡು ಗಂಟೆ ಧೂಳಿಗೆ ಮುಚ್ಚಿದ್ರೆ ಸಾಕು, ಆಮೇಲೆ ಮುಚ್ಚಳ ಓರೆ ಮಾಡಿ ಗಾಳಿ ಆಡೋ ಹಾಗೆ ಇಡಿ.