ಸರ್ಕಾರಿ ಶಾಲೆ, ವಿಶೇಷ ಅಗತ್ಯವುಳ್ಳ ಮಕ್ಕಳು: ಬಿ.ಐ.ಇ.ಆರ್.ಟಿ. ಮೇಡಂ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಬ್ಲಾಕ್ ಮಟ್ಟದ ವಿಶೇಷ ಶಿಕ್ಷಕಿ (ಬಿ.ಐ.ಇ.ಆರ್.ಟಿ.) ಇವತ್ತು ಗುಂಪಿನಲ್ಲಿದ್ದಾರೆ. ಮಗುವಿನ ವಯಸ್ಸು, ತರಗತಿ, ತೊಂದರೆ ಬರೆಯಿರಿ. ಹೆಸರು, ಫೋಟೊ, ಆಧಾರ್ ಸಂಖ್ಯೆ ಹಾಕಬೇಡಿ. ಫಾರ್ವರ್ಡ್ ಬೇಡ.

ತಾಯಿ, ಕೊಪ್ಪಳ: ನಮಸ್ತೆ ಮೇಡಂ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇಲ್ಲದೆ ಮಗಳನ್ನು 1ನೇ ತರಗತಿಗೆ ಸೇರಿಸಿಕೊಳ್ಳಲ್ಲ ಅಂತಿದ್ದಾರೆ. ಕಾರ್ಡ್ ಎಲ್ಲಿ ಮಾಡಿಸೋದು?

ವಿಶೇಷ ಶಿಕ್ಷಕಿ: ನಮಸ್ತೆ ಅಮ್ಮ. ದಾಖಲಾತಿಗೂ ಕಾರ್ಡಿಗೂ ಸಂಬಂಧವಿಲ್ಲ. ಮೊದಲು ಸೇರಿಸಿ. ಮುಖ್ಯ ಶಿಕ್ಷಕರು ಆಗಲ್ಲ ಅಂದರೆ ಅದನ್ನು ಬರೆದುಕೊಡಿ ಅನ್ನಿ, ಆ ಪತ್ರ ಹಿಡಿದು ಬಿಇಒ ಕಚೇರಿಗೆ ಹೋಗಿ. ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು: ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ, ಇರುವ ವೈದ್ಯಕೀಯ ವರದಿಗಳು. ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಸಹಾಯ ಮಾಡುತ್ತಾರೆ. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ.

ತಂದೆ, ಸಿಂಧನೂರು: ಮಗನಿಗೆ 6 ವರ್ಷ. ಶಿಬಿರದಲ್ಲಿ ಕೊಟ್ಟ ಶ್ರವಣ ಸಾಧನ ಕುಯ್ ಅಂತ ಸಿಳ್ಳೆ ಹೊಡೆಯುತ್ತೆ. ಕಿತ್ತು ಎಸೀತಾನೆ. ಸಾಧನ ಕೆಟ್ಟಿದೆಯಾ?

ವಿಶೇಷ ಶಿಕ್ಷಕಿ: ಬಹುತೇಕ ಕೆಟ್ಟಿರೋದು ಸಾಧನವಲ್ಲ, ಕಿವಿ ಅಚ್ಚು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗುತ್ತದೆ, ಹೊರಬಂದ ಸದ್ದು ಮತ್ತೆ ಮೈಕಿಗೆ ಹೋಗಿ ಸಿಳ್ಳೆಯಾಗುತ್ತದೆ. ಸಿಳ್ಳೆ ನಿಲ್ಲಲಿ ಅಂತ ವಾಲ್ಯೂಮ್ ತಗ್ಗಿಸಿದರೆ ಮಗುವಿಗೆ ಏನೂ ಕೇಳಿಸದು, ಆಗ ಎಸೆಯುತ್ತದೆ. ಮೊದಲು ಕಿವಿಯಲ್ಲಿ ಗುಗ್ಗೆ ಇದೆಯಾ ಅಂತ ಡಾಕ್ಟರಿಗೆ ತೋರಿಸಿ, ನಂತರ ಹೊಸ ಅಚ್ಚು ಮಾಡಿಸಿ. ಇಷ್ಟು ಸಣ್ಣ ವಯಸ್ಸಿನಲ್ಲಿ ಅಚ್ಚನ್ನು ಪದೇ ಪದೇ ಬದಲಿಸಬೇಕಾಗುತ್ತದೆ. ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ, ಬ್ಯಾಟರಿ ಬಾಗಿಲು ತೆಗೆದಿಡಿ. ದಿನಾ ಬೆಳಿಗ್ಗೆ ಬಾಯಿಗೆ ಕೈ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಅನ್ನಿ. ಮಗು ಯಾವುದಕ್ಕೆ ತಿರುಗಲಿಲ್ಲ ಅಂತ ಬರೆದಿಟ್ಟು ಆಡಿಯಾಲಜಿಸ್ಟಿಗೆ ತೋರಿಸಿ. ಶಾಲೆಯಲ್ಲಿ ಫ್ಯಾನಿನ ಸದ್ದಿನಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸಲಿ. ಬೋರ್ಡ್ ಕಡೆ ಮುಖ ಮಾಡಿ ಪಾಠ ಹೇಳಿದರೆ ಈ ಮಗುವಿಗೆ ಆ ಪಾಠ ಆಗಿಲ್ಲ ಅಂತಲೇ ಲೆಕ್ಕ.

ಸದಸ್ಯ, ಶಿರಸಿ: (ಫಾರ್ವರ್ಡ್ ಆಗಿದೆ) ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಎರಡು ಹನಿ ಕಿವಿಗೆ, ಬಜೆ ತೇದು ನಾಲಿಗೆಗೆ. 48 ದಿನದಲ್ಲಿ ಕಿವುಡು, ಮೂಕತನ ಮಾಯ.

ವಿಶೇಷ ಶಿಕ್ಷಕಿ: ಕಿವಿಗೆ ಎಣ್ಣೆ ಹಾಕಬೇಡಿ. ತಮಟೆ ತೂತಾಗಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿದು ಸೋಂಕು ಹೆಚ್ಚುತ್ತದೆ. ನರದ ಕಿವುಡುತನಕ್ಕೆ ಯಾವ ಹನಿಯೂ ತಲುಪದು. ಮಾತು ಬರದಿರುವುದು ಕೇಳಿಸದ್ದರಿಂದ. ನಾಲಿಗೆ ದಪ್ಪ ಅಂತಲ್ಲ. ಆ 48 ದಿನ ಮಾತು ಕಲಿಯುವ ದಿನಗಳು, ಹಾಳಾಗುತ್ತವೆ.

ಶಿಕ್ಷಕಿ, ನಲಿಕಲಿ, ತಿಪಟೂರು: ಮೇಡಂ, 2ನೇ ತರಗತಿಯ ಹುಡುಗಿ, 7 ವರ್ಷ. ವ, ಮ, ಪ ಕಲಸಿಕೊಳ್ಳುತ್ತಾಳೆ, ಒತ್ತಕ್ಷರ ಬಿಡುತ್ತಾಳೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡಿಸಬಹುದಾ?

ವಿಶೇಷ ಶಿಕ್ಷಕಿ: 8 ವರ್ಷಕ್ಕೆ ಮೊದಲು ಕೊಡುವುದಿಲ್ಲ. ಕಣ್ಣು, ಕಿವಿ ತಪಾಸಣೆ ಈಗಲೇ ಮಾಡಿಸಿ. ಮಕ್ಕಳ ಅಂಗವೈಕಲ್ಯ ಗುರುತಿಸುವ ಪ್ರಶಸ್ತ್ ಆ್ಯಪ್‌ನಲ್ಲಿ ಮೊದಲ ಭಾಗ ತುಂಬಿ. ಒಂದೇ ವಾರದಲ್ಲಿ ವ, ಮ ಎರಡನ್ನೂ ಕಲಿಸಬೇಡಿ. ನಲಿಕಲಿಯ ಮೊದಲ ಅಕ್ಷರಗಳಾದ ರ ಗ ಸ ದ ಅ ಗಟ್ಟಿಯಾಗದೆ ಮುಂದಿನ ಮೆಟ್ಟಿಲಿಗೆ ಕಳಿಸಬೇಡಿ. ಒತ್ತಕ್ಷರವನ್ನು ಮೊದಲು ಕಿವಿಯಲ್ಲಿ ಹಿಡಿಸಿ: ‘ಅಕ’, ‘ಅಕ್ಕ’ ಬೇರೆ ಅಂತ ಚಪ್ಪಾಳೆ ತಟ್ಟಿ ತೋರಿಸಿ, ಆಮೇಲೆ ಬರೆಸಿ.

ತಂದೆ, ಹಿರೇಕೆರೂರು: ಮಗ 7 ವರ್ಷ, 2ನೇ ತರಗತಿ. ಓದು ಪರವಾಗಿಲ್ಲ. ಪದೇ ಪದೇ ಬೀಳ್ತಾನೆ, ಮೆಟ್ಟಿಲಿಗೆ ಕಂಬಿ ಹಿಡೀತಾನೆ, ತುದಿಗಾಲಲ್ಲಿ ನಡೀತಾನೆ. ಮೀನಖಂಡ ದಪ್ಪ, ಪೈಲ್ವಾನ್ ಅಂತಾರೆ. ಪಿಇ ಮೇಷ್ಟ್ರು ಸೋಮಾರಿ ಅಂತ ಮೈದಾನ ಸುತ್ತಿಸ್ತಾರೆ. ರಕ್ತದಲ್ಲಿ ಎಸ್‌ಜಿಪಿಟಿ ಜಾಸ್ತಿ ಬಂತು, ಕಾಮಾಲೆಗೆ ನಾಟಿ ಔಷಧಿ ನಡೀತಿದೆ. ಇವನಿಗೆ ಸೌಲಭ್ಯ ಏನಾದರೂ ಸಿಗುತ್ತಾ?

ವಿಶೇಷ ಶಿಕ್ಷಕಿ: ಉಳಿದವರು ಸ್ವಲ್ಪ ತಾಳಿ. ಸರ್, ಸೌಲಭ್ಯದ ಮಾತು ಆಮೇಲೆ. ಹುಡುಗನನ್ನು ಬರಿ ನೆಲದ ಮೇಲೆ ಕೂರಿಸಿ, ಏನನ್ನೂ ಹಿಡಿಯದೆ ಏಳು ಅನ್ನಿ. ಮೊದಲು ನಾಲ್ಕು ಕಾಲಿಗೆ ತಿರುಗಿ, ಕೈಗಳನ್ನು ಮೊಣಕಾಲು, ತೊಡೆ ಮೇಲೆ ಒಂದೊಂದಾಗಿ ಊರುತ್ತಾ ತನ್ನ ಮೈಯನ್ನೇ ಹತ್ತಿದ ಹಾಗೆ ಏಳುತ್ತಾನಾ? ಹಾಗಿದ್ದರೆ ಅದನ್ನು ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರಿಗೆ ಬೇಕಾಗುತ್ತದೆ.

ಕಾಯಿಲೆಯ ಹೆಸರು ಹೇಳುವುದು ವೈದ್ಯರ ಕೆಲಸ. ಆದರೆ ಈ ಲಕ್ಷಣಗಳು ಗಂಡು ಮಗುವಿನಲ್ಲಿ ಒಟ್ಟಿಗೆ ಕಂಡರೆ ಮಾಂಸಖಂಡ ಕ್ಷಯ (ಖಂಡ ಸವೆಯುವ ಮಸ್ಕ್ಯುಲರ್ ಡಿಸ್ಟ್ರೊಫಿ) ಅಲ್ಲ ಅಂತ ಖಾತ್ರಿಯಾಗುವವರೆಗೆ ಸುಮ್ಮನಿರಬಾರದು. ಈ ವಾರವೇ ಮಕ್ಕಳ ವೈದ್ಯರಲ್ಲಿ ಸಿಪಿಕೆ (ಖಂಡದ ಸವೆತ ತೋರಿಸುವ) ರಕ್ತ ಪರೀಕ್ಷೆ ಕೇಳಿ. ಎಸ್‌ಜಿಪಿಟಿ, ಎಸ್‌ಜಿಒಟಿ ಯಕೃತ್ತಿನಲ್ಲಿ ಮಾತ್ರವಲ್ಲ, ಮಾಂಸಖಂಡದಲ್ಲೂ ಇರುತ್ತವೆ. ಖಂಡ ಸವೆದಾಗಲೂ ಏರುತ್ತವೆ. ಬಿಲಿರುಬಿನ್ ಸರಿಯಿದ್ದು ಕಣ್ಣು ಹಳದಿಯಾಗಿರದಿದ್ದರೆ ಕಾಮಾಲೆ ಎಲ್ಲಿಂದ ಬಂತು? ನಾಟಿ ಔಷಧಿ ಇವತ್ತೇ ನಿಲ್ಲಿಸಿ. ಸಿಪಿಕೆ ಸಾವಿರಗಟ್ಟಲೆ ಬಂದರೆ ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರು, ಅಲ್ಲಿಂದ ವಂಶವಾಹಿ ಪರೀಕ್ಷೆ. ನಡೆದಾಡುತ್ತಿರುವಾಗಲೇ ಶುರುವಾದ ಚಿಕಿತ್ಸೆಯಿಂದ ನಡಿಗೆಯ ವರ್ಷಗಳು ಹೆಚ್ಚುತ್ತವೆ. ತಾಯಿಗೂ ಪರೀಕ್ಷೆ ಬೇಕಾಗಬಹುದು. ಮುಂದಿನ ಮಗುವಿನ ಯೋಚನೆ ಇದ್ದರೆ ಅದಕ್ಕೆ ಮೊದಲೇ. ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಈ ವಿಷಯ ಹೇಳಲೇಬೇಕು.

ಶಾಲೆಗೆ ನಾಳೆಯೇ ಪತ್ರ ಕೊಡಿ. ಓಟ, ಬಸ್ಕಿ, ಮೆಟ್ಟಿಲು ಬಂದ್. ದುರ್ಬಲ ಖಂಡ ಅತಿಯಾಗಿ ದುಡಿದಷ್ಟೂ ಹರಿಯುತ್ತದೆ, ಗಟ್ಟಿಯಾಗುವುದಿಲ್ಲ. ಹಾಗಂತ ಮಲಗಿಸಿಯೂ ಇಡಬೇಡಿ. ನಡೆಯಲಿ, ದಣಿದಾಗ ಕೂರಲಿ. ತರಗತಿ ನೆಲಮಹಡಿಗೆ ಬರಲಿ. ಬಿಸಿಯೂಟಕ್ಕೆ ನೆಲದ ಬದಲು ಸ್ವಲ್ಪ ಎತ್ತರದ ಬೆಂಚು, ಅದರಿಂದ ಏಳುವುದು ಸುಲಭ. ಶೌಚಾಲಯದಲ್ಲಿ ಕಮೋಡು, ಪಕ್ಕಕ್ಕೊಂದು ಹಿಡಿಕೆ. ಬಿದ್ದಾಗ ಕಂಕುಳಿಗೆ ಕೈ ಹಾಕಿ ಎತ್ತಬಾರದು, ಭುಜ ಜಾರಿಬಿಡುತ್ತದೆ. ಸೊಂಟಕ್ಕೆ ಆಸರೆ ಕೊಡಿ. ಪುಸ್ತಕದ ಒಂದು ಸೆಟ್ ಶಾಲೆಯಲ್ಲೇ ಇರಲಿ. ರ‍್ಯಾಂಪ್ ಕಟ್ಟಿಸುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ, ಕಡಿದಾದದ್ದು ಉಪಯೋಗಕ್ಕೆ ಬಾರದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾಂಸಖಂಡ ಕ್ಷಯವೂ ಇದೆ. ಬಿ.ಆರ್.ಸಿ.ಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಬನ್ನಿ, ವೈಯಕ್ತಿಕ ಶಿಕ್ಷಣ ಯೋಜನೆ ಬರೆಯೋಣ. ಸಾರಿಗೆ, ಬೆಂಗಾವಲು ಭತ್ಯೆಗೂ ಹೆಸರು ಸೇರಿಸೋಣ.

ಸದಸ್ಯ, ಶಿರಸಿ: ಮೇಡಂ, ಸುಮ್ಮನೆ ಹೆದರಿಸಬೇಡಿ. ನಮ್ಮ ಕಡೆ ನರ ನೀವುವವರಿದ್ದಾರೆ, 21 ದಿನ ಜೋರಾಗಿ ಉಜ್ಜಿದರೆ…

ವಿಶೇಷ ಶಿಕ್ಷಕಿ: ಜೋರಾಗಿ ಉಜ್ಜಿಸಬಾರದು ಅಂತ ಈಗ ಬರೆಯಬೇಕಾಗಿ ಬಂತು. ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿಯದಂತೆ ಫಿಸಿಯೊಥೆರಪಿಸ್ಟ್ ಮೆಲ್ಲಗೆ ಎಳೆಯಲು ಕಲಿಸುತ್ತಾರೆ, ಅಷ್ಟು ಸಾಕು. ನಿರ್ವಾಹಕರೇ, ಇವರ ಫಾರ್ವರ್ಡ್ ತೆಗೆಯಿರಿ.

ತಾಯಿ, ಚನ್ನಪಟ್ಟಣ: ಆಟಿಸಂಗೆ ಸ್ಟೆಮ್ ಸೆಲ್?

ವಿಶೇಷ ಶಿಕ್ಷಕಿ: ಬೇಡ. ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬೇಡ ಅಂದಿದೆ.

ತಾಯಿ, ಚನ್ನಪಟ್ಟಣ: ಹಾಗಾದರೆ ಮನೆಯಲ್ಲಿ ಏನು ಮಾಡಿಸಲಿ ಮೇಡಂ?

ಶಿಕ್ಷಕ, ಕಲಬುರಗಿ ಜಿಲ್ಲೆ: ಎಲ್ಲರನ್ನೂ ಶಾಲೆಗೆ ಸೇರಿಸಿ ಅನ್ನೋದು ಕೇಳಲು ಚೆನ್ನಾಗಿದೆ. ಒಬ್ಬನೇ ಶಿಕ್ಷಕ, ಮೂರು ತರಗತಿ, ಅದರಲ್ಲಿ ಕೂಗಾಡುವ ಮಗು. ಇಂಥವರಿಗೆ ವಿಶೇಷ ಶಾಲೆಯೇ ಸರಿ.

ತಾಯಿ, ಕೊಪ್ಪಳ: ಇಂಥವರು ಅಂದರೆ ಯಾರು ಸರ್? ವಿಶೇಷ ಶಾಲೆ 60 ಕಿಲೋಮೀಟರ್ ದೂರ. ಆರು ವರ್ಷದ ಮಗುವನ್ನು ಹಾಸ್ಟೆಲಿಗೆ ಹಾಕಲಾ?

ಶಿಕ್ಷಕ, ಕಲಬುರಗಿ ಜಿಲ್ಲೆ: ನನ್ನ ಉಳಿದ 38 ಮಕ್ಕಳ ಕಥೆ ಏನಮ್ಮಾ? ಗೃಹಾಧಾರಿತ ಶಿಕ್ಷಣಕ್ಕೆ ಬರೆದುಕೊಟ್ಟರೆ ಆಯ್ತಲ್ಲ.

ತಾಯಿ, ಕೊಪ್ಪಳ: ನಿಮ್ಮ ಅನುಕೂಲಕ್ಕೆ ನನ್ನ ಮಗಳು ಮನೆಯಲ್ಲಿ ಕೂರಬೇಕಾ?

ವಿಶೇಷ ಶಿಕ್ಷಕಿ: ಸರ್, ಗೃಹಾಧಾರಿತ ಶಿಕ್ಷಣ ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗುವಿಗೆ, ಅದೂ ಪೋಷಕರು ಆರಿಸಿಕೊಂಡರೆ. ಶಾಲೆ ಕೈ ತೊಳೆದುಕೊಳ್ಳಲು ಅಲ್ಲ. ನಿಮಗೆ ಸಹಾಯ ಸಾಲದು ಅನ್ನೋದು ನಿಜ: ವಿಶೇಷ ಅಗತ್ಯವುಳ್ಳ 10 ಪ್ರಾಥಮಿಕ ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಅದನ್ನು ಇಲಾಖೆಗೆ ಕೇಳಿ, ಆ ತಾಯಿಗಲ್ಲ. ಕೂಗುವ ಮುಂಚೆ ಏನಾಯ್ತು, ಎಷ್ಟು ಹೊತ್ತು ಕೂಗಿತು, ಆಮೇಲೆ ಏನು ಸಿಕ್ಕಿತು, ಈ ಮೂರನ್ನು ಒಂದು ವಾರ ಬರೆದಿಡಿ. ಆ ಹಾಳೆ ಇಲ್ಲದೆ ನಾನು ಬಂದು ನೋಡಿದರೂ ಪ್ರಯೋಜನವಿಲ್ಲ.

ಸದಸ್ಯ, ಗದಗ: ಯುಡಿಐಡಿ ಕಾರ್ಡ್ ಎಲ್ಲಿ ಮಾಡಿಸೋದು ಮೇಡಂ?

ವಿಶೇಷ ಶಿಕ್ಷಕಿ: ಮೇಲೆ ಬರೆದಿದೆ.

ಸದಸ್ಯೆ, ಮಂಡ್ಯ: ಎಸ್‌ಎಸ್‌ಎಲ್‌ಸಿಗೆ ಲಿಪಿಕಾರರು, ಹೆಚ್ಚುವರಿ ಸಮಯ?

ವಿಶೇಷ ಶಿಕ್ಷಕಿ: ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ. ಅರ್ಜಿ ತುಂಬುವಾಗಲೇ ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಪ್ರಮಾಣಪತ್ರ ಹೋಗಬೇಕು. ಪರೀಕ್ಷೆಯ ಹಿಂದಿನ ದಿನ ನನಗೆ ಫೋನ್ ಮಾಡಿದರೆ ಆಗಲ್ಲ.

ಸದಸ್ಯ, ದಾವಣಗೆರೆ: ಬೇರೆಯವರು ಬರೆದುಕೊಟ್ಟರೆ ಅಂಕ ಪುಕ್ಕಟೆ ಅಲ್ವಾ?

ಸದಸ್ಯೆ, ಮಂಡ್ಯ: ಉತ್ತರ ಹೇಳೋದು ನನ್ನ ಮಗ. ಒಮ್ಮೆ ಕಣ್ಣು ಕಟ್ಟಿಕೊಂಡು ಗಣಿತದ ಲೆಕ್ಕ ಬಾಯಲ್ಲಿ ಹೇಳಿ ಬರೆಸಿ ನೋಡಿ, ಆಮೇಲೆ ಪುಕ್ಕಟೆ ಅನ್ನಿ.

ಸದಸ್ಯ, ಗದಗ: ಮೇಲೆ ಎಲ್ಲಿದೆ? ಸಿಕ್ತಿಲ್ಲ. ಪಿಂಚಣಿ ಎಷ್ಟು ಬರುತ್ತೆ?

ತಂದೆ, ಹಿರೇಕೆರೂರು: ಮೇಡಂ, ನೀವು ಹೇಳಿದ ಹಾಗೇ ಎದ್ದ. ತೊಡೆ ಹಿಡಿದು. ವಿಡಿಯೊ ಮಾಡಿದ್ದೀನಿ.

ವಿಶೇಷ ಶಿಕ್ಷಕಿ: ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಬೆಳಿಗ್ಗೆ ಸಿಪಿಕೆ ಕೊಟ್ಟು, ಹಳೆಯ ಎಸ್‌ಜಿಪಿಟಿ ಚೀಟಿ ಸಮೇತ ಬನ್ನಿ. ಪಿಇ ಮೇಷ್ಟ್ರ ಜೊತೆ ನಾನೇ ಮಾತಾಡುತ್ತೇನೆ. ಉಳಿದ ಪ್ರಶ್ನೆಗಳಿಗೆ ಇವತ್ತು ಆಗುವುದಿಲ್ಲ.