ಮೂರೂ ಅರ್ಧಕ್ಕೆ ನಿಂತಿವೆ: ಸ್ವೆಟರ್, ಮಣಿ ತೋರಣ, ಕಾಗದದ ನವಿಲು. ಅನುಭವ ಇದ್ದವರು ಹೇಳಿ

ಕಾಜುಬಾಗದವಳು: ಕಾರವಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ತಂಗಿಯ ಕೂಸಿಗೆ ಸ್ವೆಟರ್, ಒಂದು ತೋಳು ಬಾಕಿ. ಬಾಗಿಲಿಗೆ ಮಣಿ ತೋರಣ, ಮುಕ್ಕಾಲು ಬಾಕಿ. ಮಗಳಿಗೆಂದು ಶುರು ಮಾಡಿದ ಕ್ವಿಲ್ಲಿಂಗ್ (ಕಾಗದದ ಪಟ್ಟಿ ಸುರುಳಿ ಸುತ್ತಿ ಅಂಟಿಸೋದು) ನವಿಲಿಗೆ ಇನ್ನೂ ಬಾಲ ಇಲ್ಲ. ಊಟದ ಮೇಜಿನ ಮೇಲೆ ಊಟಕ್ಕೇ ಜಾಗ ಇಲ್ಲ. ಒಂದನ್ನ ಮುಗಿಸಿಯೇ ಇನ್ನೊಂದು ಹಿಡೀಬೇಕಾ, ಮೂರೂ ನಡೆಸಬಹುದಾ?

ಶಿರಸಿ ಅಕ್ಕ: ಒಂದೇ ಹಿಡಿ ತಂಗೀ, ಒಂದೇ. ನಾನು ದುಡ್ಡು ಕೊಟ್ಟು ಕಲಿತವಳು. ನಮ್ಮನೆಯವರಿಗೆ ತೋಳಿಲ್ಲದ ಸ್ವೆಟರ್ ಹಿಡಿದಿದ್ದೆ, ಬೆನ್ನಿನ ಭಾಗ ಆಗಿತ್ತು. ಅಷ್ಟರಲ್ಲಿ 2024ರ ಮಾರಿಕಾಂಬಾ ಜಾತ್ರೆ. ಅಂಗಡಿ ಸಾಲಲ್ಲಿ ಮಣಿ ನೋಡಿ ಮರುಳಾದೆ, ಸ್ವೆಟರ್ ಕಡ್ಡಿ ಸಮೇತ ಚೀಲಕ್ಕೆ ಹೋಯ್ತು. ಮಳೆಗಾಲ ಕಳೆದು ತೆಗೆದರೆ ಬೂಷ್ಟಿನ ವಾಸನೆ, ಕಡ್ಡಿ ಕೂತಿದ್ದ ಸಾಲಲ್ಲಿ ಇಸ್ತ್ರಿಗೂ ಬಗ್ಗದ ಮಡಿಕೆ. ಎದೆ ಭಾಗಕ್ಕೆ ಎರಡು ಉಂಡೆ ಕಮ್ಮಿ ಬಿತ್ತು. ಅದೇ ಕಂಪನಿ, ಅದೇ ಬಣ್ಣದ ನಂಬರ್ ತಂದೆ. ಚೀಟಿ ಮೇಲಿನ ಡೈ ಲಾಟ್, ಅಂದ್ರೆ ಒಟ್ಟಿಗೆ ಬಣ್ಣ ಅದ್ದಿದ ಕಂತಿನ ನಂಬರ್, ಬೇರೆ! ಅಂಗಡಿಯ ಟ್ಯೂಬ್‌ಲೈಟಲ್ಲಿ ಗೊತ್ತಾಗಲಿಲ್ಲ, ಅಂಗಳದ ಬಿಸಿಲಿಗೆ ಎದೆ ಮೇಲೆ ಪಟ್ಟೆ ಎದ್ದಿತು. ಆರು ಉಂಡೆ 65ರಂತೆ 390, ಆಮೇಲಿನ ಎರಡು 140, ಒಟ್ಟು 530 ರೂಪಾಯಿ. ಈಗ ಅದನ್ನ ಹಾಕ್ಕೊಂಡು ಅಡಿಕೆ ಕೊಯ್ಲಿಗೆ ಹೋಗ್ತಾರೆ.

ಕುಮಟಾ ಕಡ್ಡಿ: ಅಕ್ಕಾ, ಚೀಟಿ ನೋಡದೆ ಉಂಡೆ ತಂದದ್ದು ನಿಮ್ಮ ತಪ್ಪು. ಮಣಿಯದ್ದೆಂತ ತಪ್ಪು? ನನಗೆ ಒಂದೇ ಹಿಡಿದು ಕೂತರೆ ಮೂರನೇ ದಿನಕ್ಕೆ ಬಲ ಮಣಿಕಟ್ಟು ಊದ್ತದೆ. ಹಾಗಾಗಿ ಬೆಳಕಿದ್ದಾಗ ಕಿಟಕಿ ಹತ್ತಿರ ಮಣಿ, ಸಂಜೆ ಹೆಣಿಗೆ. ಕರೆಂಟ್ ಹೋದರೂ ಕೈ ನಿಲ್ಲೋದಿಲ್ಲ. ಎಡವಿದ್ದು ಒಂದೇ ಸಲ. ಕೂಸಿನ ಸ್ವೆಟರಿನಿಂದ 10ನೇ ನಂಬರ್ ಕಡ್ಡಿ ಎಳೆದು ಟೊಪ್ಪಿಗೆ ಹಾಕಿದೆ. ಐದು ತಿಂಗಳ ಮೇಲೆ ನೆನಪಿಲ್ಲದೆ 8ರಲ್ಲಿ ಮುಂದುವರಿಸಿದೆ. ಎಡ ತೋಳು ಕೂಸಿಗೆ, ಬಲ ತೋಳು ಕೂಸಿನ ಅಪ್ಪನಿಗೆ. 46 ಸಾಲು ಬಿಚ್ಚಿದೆ, ಬಿಚ್ಚುವಾಗ ಅತ್ತೆ ಎದುರಿಗೇ ಕೂತಿದ್ದರು. ಈಗ ಎಲ್ಲ ಡಬ್ಬಿಯೊಳಗೂ ಕಡ್ಡಿ ನಂಬರಿನ ಚೀಟಿ ಉಂಟು.

ಹೊನ್ನಾವರ ಪೆನ್ಶನರ್: 8ಕ್ಕಿಂತ 10 ದಪ್ಪ. 8ರಲ್ಲಿ ಹೆಣೆದರೆ ತೋಳು ಸಣ್ಣ ಆಗಬೇಕು. ಕತೆ ಕಟ್ಟಬೇಡಿ.

ಕುಮಟಾ ಕಡ್ಡಿ: ನಮ್ಮ ಅಂಗಡಿ ಕಡ್ಡಿಯಲ್ಲಿ ನಂಬರ್ ಏರಿದಷ್ಟೂ ಸಪೂರ. 10 ಅಂದರೆ 3.25 ಮಿಲಿಮೀಟರ್, 8 ಅಂದರೆ 4. ಅಮೆರಿಕದ ಲೆಕ್ಕ ಉಲ್ಟಾ, ಅಲ್ಲಿಯ 8 ಅಂದರೆ 5 ಮಿಲಿಮೀಟರ್. ನಿಮ್ಮ ಸೆಟ್ ಎಲ್ಲಿಯದು?

ಹೊನ್ನಾವರ ಪೆನ್ಶನರ್: ಮಗ ಅಮೆರಿಕದಿಂದ ತಂದದ್ದು.

ಕುಮಟಾ ಕಡ್ಡಿ: ಕತೆ ಯಾರದ್ದು ಹಾಗಾದ್ರೆ?

ಸದಾಶಿವಗಡ: ಕಡ್ಡಿ ಜಗಳ ಬಿಡಿ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ಮುಟ್ಟಲೇಬೇಡಿ. ಸುತ್ತಿದ ಸುರುಳಿ ಬೆಳಗಾಗುವಷ್ಟರಲ್ಲಿ ಸಡಿಲ, ಅಂಟು ಒಣಗೋದೇ ಇಲ್ಲ. 480 ರೂಪಾಯಿಯ ಪಟ್ಟಿ, 350ರ ಫ್ರೇಮು ಹೋಯ್ತು. ಗಾಜಿನ ಒಳಗೇ ಬೂಷ್ಟು. ಮತ್ತೆ ಉಕ್ಕಿನ ಕಡ್ಡಿ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಳಿ ಉಲ್ಲನ್ನಿಗೆ ಕಲೆ. ಬಿದಿರಿನದ್ದು ತಗೊಳ್ಳಿ.

ಅಂಕೋಲೆ ಮಣಿ: ನನ್ನ ಕೇಳಿದ್ರೆ ಮಣಿಯೊಂದೇ ಸಾಕು, ಮಿಕ್ಕಿದ್ದೆಲ್ಲ ಗುಜರಿ. ಆದ್ರೆ ಡಬ್ಬಿಯ ಮುಚ್ಚಳ ಭದ್ರ ಇರ್ಲಿ. 11 ನಂಬರಿನ ಮಣಿ 40 ಗ್ರಾಂ ಚೆಲ್ಲಿತ್ತು. ಗ್ರಾಂಗೆ ನೂರರ ಮೇಲೆ ಕಾಳು, ಲೆಕ್ಕ ಹಾಕಿ. ದೀಪಾವಳಿಗೆ ಕಸ ಹೊಡೆಯುವಾಗಲೂ ಸಿಕ್ತಿತ್ತು. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ನನ್ನ ಪಾರ್ಸೆಲ್ ವಾರಗಟ್ಟಲೆ ಬರಲಿಲ್ಲ. ಜನ ಹೋದ ಜಾಗ, ಮಣಿ ಎಲ್ಲಿ ಅಂತ ಕೇಳೋಕೂ ನಾಚಿಕೆ ಆಯ್ತು. ಈಗ ಹಾಲಕ್ಕಿ ಒಕ್ಕಲಿಗ ಹೆಂಗಸರ ಶೈಲಿಯ ಸರ ಮಾಡಿ 850ಕ್ಕೆ ಕೊಡ್ತೇನೆ, ಒಳ್ಳೇ ಬೇಡಿಕೆ.

ಗಂಗಾವಳಿ ದಂಡೆ: ‘ಶೈಲಿ’ಯಾ? ನಮ್ಮವ್ವ ಕುತ್ತಿಗೆ ತುಂಬ ಹಾಕುವ ಮಣಿಸರ ಅದು. ನಮ್ಮ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರ ಮಣಿಯನ್ನೇ ನೋಡಿದ್ರಿ. ಅದಕ್ಕೂ ಮೊದಲು ಪೇಟೆಗೆ ಹೋದರೆ ನಮ್ಮನ್ನ ನೋಡಿ ನಗ್ತಿದ್ರಿ. 850ರಲ್ಲಿ ನಮ್ಮ ಕೇರಿಗೆ ಎಷ್ಟು ಬಂತು?

ಅಂಕೋಲೆ ಮಣಿ: ಮಣಿ ಯಾರಪ್ಪನ ಸ್ವತ್ತೂ ಅಲ್ಲ. ಕಣ್ಣು ನೋಯಿಸಿಕೊಂಡದ್ದು ನಾನು.

ಗಂಗಾವಳಿ ದಂಡೆ: ಹೆಸರು ನಮ್ಮದು. ಅದನ್ನ ತೆಗೆದು ಮಾರಿ ನೋಡಿ, 850 ಬರ್ತದಾ.

ಹಳಿಯಾಳ ಸೂಜಿ: ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದ್ರೆ ಕೌದಿ, ಹೊಲಿಯೋದು ನೋಡಿದ್ದೀರಾ? ಹಳೇ ಸೀರೆ, ಹಳೇ ಅಂಗಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ. ಮೂಲೆಗೆ ಬಟ್ಟೆ ಮಡಿಚಿ ಮಾಡಿದ ‘ಫುಲಾ’ ಇಡದೆ ಕವಂದಿ ಮುಗೀತು ಅನ್ನೋದೇ ಇಲ್ಲ. ನಾನು ಒಂದು ಶುರು ಮಾಡಿ ಮೂರು ವರ್ಷ ಆಯ್ತು, ನಡುವಿಗೆ ಇನ್ನೂ ಒಂದು ಮೊಳ ಉಂಟು. ಅದರ ಮೇಲೆ ಬೆಕ್ಕು ಎರಡು ಸಲ ಮರಿ ಹಾಕಿತು.

ಶಿರಸಿ ಅಕ್ಕ: ಅಡ್ಡಿಲ್ಲೆ, ಬೆಕ್ಕಿಗಾದ್ರೂ ಉಪಯೋಗ ಆತು. ಕುಮಟಾದವರೇ, ಚೀಟಿಯನ್ನ ನಾನು ನೋಡಿದ್ದೆ, ಅಂಗಡಿಯವನೇ ಒಂದೇ ಲಾಟ್ ಅಂದ.

ಕುಮಟಾ ಕಡ್ಡಿ: ಚೀಟಿ ನೋಡಿದ್ರೆ ಅವನ್ನ ಎಂತಕ್ಕೆ ಕೇಳಿದ್ರಿ?

ಕಾಜುಬಾಗದವಳು: ಎಲ್ಲರದ್ದೂ ಓದಿದೆ. ನವಿಲನ್ನ ಅಕ್ಕಿ ಡಬ್ಬಿಯ ಮೇಲಿನ ಅಟ್ಟಕ್ಕೆ ಇಟ್ಟೆ. ಕೂಸು ನಿನ್ನೆ ವಿಡಿಯೋ ಕಾಲಿನಲ್ಲಿ ಗೋಡೆ ಹಿಡಿದು ನಡೀತಿತ್ತು. ಮುಗಿದ ತೋಳು ಅದರ ಮೊಣಕೈಗೇ ನಿಲ್ತದೆ. ಬಿಚ್ಚಿ ಮೊದಲಿನಿಂದ ಹಾಕ್ಲಾ, ಕೆಳಗೆ ಪಟ್ಟಿ ಸೇರಿಸ್ಲಾ?

ಶಿರಸಿ ಅಕ್ಕ: ಉಂಡೆ ಎಷ್ಟು ಉಳಿದಿದೆ, ಅದನ್ನ ಹೇಳು ಮೊದಲು.