ಪ್ರಶ್ನೋತ್ತರ: ಟೆನಿಸ್ ಕೋರ್ಟ್‌ನಲ್ಲಿ ಸಿಟ್ಟು ಮಾಡಿದರೆ ಎಷ್ಟು ಶಿಕ್ಷೆ ಸರಿ?

ಪ್ರಶ್ನೆ – ಉಡುಪಿಯಿಂದ ಒಬ್ಬ ಅಪ್ಪ

ನಮಸ್ಕಾರ ಸರ್. ನೀವು ಟೆನಿಸ್ ಅಂಪೈರ್ ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ಕಳೆದ ಭಾನುವಾರ ಮಂಗಳೂರಲ್ಲಿ ನನ್ನ ಮಗನಿಗೆ ಹದಿನಾಲ್ಕರ ಒಳಗಿನವರ ಪಂದ್ಯ ಇತ್ತು. ಎರಡನೇ ಸೆಟ್‌ನಲ್ಲಿ ಎರಡೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಆಯ್ತು ಅಂತ ರ‍್ಯಾಕೆಟ್ ನೆಲಕ್ಕೆ ಕುಟ್ಟಿದ. ಕೆಂಪು ಮಣ್ಣಿನ ಕೋರ್ಟು, ಸಣ್ಣ ಗುಂಡಿಯೇ ಬಿತ್ತು. ಎಚ್ಚರಿಕೆ ಕೊಟ್ಟರು, ಒಪ್ಪುತ್ತೇನೆ. ಎರಡು ಗೇಮ್ ಬಿಟ್ಟು ಮತ್ತೆ ಸಿಟ್ಟು ಬಂದು ಚೆಂಡನ್ನು ಹಿಂದಕ್ಕೆ ಬೀಸಿ ಹೊಡೆದ. ಶೆಡ್ಡಿನ ತಗಡಿಗೆ ಬಡಿದು ಢಣ್ ಅಂತ ಸದ್ದಾಯ್ತು. ಅದರ ಕೆಳಗೆ ಚೆಂಡು ಹೆಕ್ಕುವ ಹುಡುಗ ನೀರು ಕುಡಿಯುತ್ತಾ ಕೂತಿದ್ದ. ಅವನಿಗೆ ಏನೂ ಆಗಲಿಲ್ಲ. ಆದರೂ ಪಾಯಿಂಟ್ ಕಿತ್ತುಕೊಂಡರು. ಇವನದೇ ಸರ್ವಿಸ್, ಸ್ಕೋರ್ 30-40, ಎದುರಾಳಿಗೆ ಗೇಮ್ ಗೆಲ್ಲಲು ಒಂದೇ ಪಾಯಿಂಟ್ ಸಾಕಿತ್ತು. ಹಾಗಾಗಿ ಗೇಮೇ ಹೋಯ್ತು, ಆಮೇಲೆ ಪಂದ್ಯವೂ ಹೋಯ್ತು. ಟಿವಿಯಲ್ಲಿ ದೊಡ್ಡ ಆಟಗಾರರು ರ‍್ಯಾಕೆಟ್ ಪುಡಿ ಮಾಡಿ, ದುಡ್ಡು ಬಿಸಾಡಿ ಹೋಗುತ್ತಾರೆ. ಮಕ್ಕಳಿಗೆ ಮಾತ್ರ ಇಷ್ಟು ಕಟ್ಟುನಿಟ್ಟಾ?

ಉತ್ತರ – ಟೆನಿಸ್ ಅಂಪೈರ್

ಮಾರಾಯ್ರೆ, ಪಾಯಿಂಟ್ ಹೋದದ್ದು ಬರೀ ಆ ಚೆಂಡಿಗೆ ಅಲ್ಲ. ಅದು ಎರಡನೇ ತಪ್ಪು ಅನ್ನುವುದಕ್ಕೆ. ದೊಡ್ಡವರಿಗೂ ಇದೇ ಮೆಟ್ಟಿಲು. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಪಾಯಿಂಟ್, ಮೂರನೇ ಸಲ ಗೇಮ್. ಅಲ್ಲಿಗೂ ನಿಲ್ಲದಿದ್ದರೆ ರೆಫರಿ ಬಂದು ಪಂದ್ಯದಿಂದ ಹೊರಗೆ ಹಾಕಬಹುದು. ತಪ್ಪು ತೀರಾ ದೊಡ್ಡದಾದರೆ ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ, ನೇರ ಹೊರಗೆ.

ಈ ಮೆಟ್ಟಿಲಿನ ಒಂದು ಗುಣ ನನಗೂ ಪೂರ್ತಿ ಇಷ್ಟವಿಲ್ಲ. ತಪ್ಪು ಯಾವುದು ಅಂತ ಅದು ಕೇಳುವುದಿಲ್ಲ, ಎಷ್ಟನೆಯದು ಅಂತ ಮಾತ್ರ ಕೇಳುತ್ತದೆ. 2018ರ ಯುಎಸ್ ಓಪನ್ ಫೈನಲ್ ನೆನಪಿದೆಯಾ? ಸೆರೆನಾ ವಿಲಿಯಮ್ಸ್ ಎದುರು ನವೊಮಿ ಒಸಾಕಾ. ಸೆರೆನಾ ಅವರ ಕೋಚ್ ಗ್ಯಾಲರಿಯಿಂದ ಸನ್ನೆ ಮಾಡಿದರು, ಎಚ್ಚರಿಕೆ. ಆಮೇಲೆ ಸೆರೆನಾ ರ‍್ಯಾಕೆಟ್ ಮುರಿದರು, ಪಾಯಿಂಟ್. ಅಂಪೈರ್ ಕಾರ್ಲೋಸ್ ರಾಮೋಸ್‌ಗೆ ಕಳ್ಳ ಅಂದರು, ಗೇಮ್. ಎರಡನೇ ಸೆಟ್ 3-4 ಇದ್ದದ್ದು ಒಂದು ಚೆಂಡೂ ಆಡದೆ 3-5 ಆಯ್ತು. ಒಸಾಕಾ 6-2, 6-4ರಲ್ಲಿ ಗೆದ್ದರು. ತಮಾಷೆ ಎಂತ ಅಂದರೆ, 2025ರಿಂದ ಗ್ಯಾಲರಿಯಿಂದ ಕೋಚ್ ಹೇಳಿಕೊಡುವುದಕ್ಕೆ ನಿಯಮದಲ್ಲೇ ಜಾಗ ಸಿಕ್ಕಿದೆ. ಅವತ್ತಿನ ಮೊದಲ ಮೆಟ್ಟಿಲು ಇವತ್ತು ತಪ್ಪೇ ಅಲ್ಲ!

ಮೆಟ್ಟಿಲು ಎಷ್ಟು ಅಂತ ಲೆಕ್ಕ ತಪ್ಪಿ ಮನೆಗೆ ಹೋದವರೂ ಇದ್ದಾರೆ. 1990ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಜಾನ್ ಮೆಕೆನ್ರೊ ಹೊರಗೆ ಬಿದ್ದದ್ದು ಹಾಗೆ. ಮೊದಲಿದ್ದ ನಾಲ್ಕು ಹಂತ ಆ ವರ್ಷ ಮೂರಾಗಿತ್ತು, ಮೂರನೇ ತಪ್ಪಿಗೇ ಹೊರಗೆ. ಇನ್ನೊಂದು ಅವಕಾಶ ಉಂಟು ಅಂತಲೇ ಅವರು ಬೈದರು.

ಇನ್ನು ದುಡ್ಡಿನ ಮಾತು. ಇಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಫೈನಲ್‌ಗೆ ಸೆರೆನಾ ಕಟ್ಟಿದ್ದು 17,000 ಡಾಲರ್. ರನ್ನರ್ ಅಪ್‌ಗೆ ಸಿಕ್ಕಿದ್ದು 18.5 ಲಕ್ಷ ಡಾಲರ್. ನೂರಕ್ಕೆ ಒಂದೂ ಇಲ್ಲ. 2025ರ ಯುಎಸ್ ಓಪನ್‌ನಲ್ಲಿ ಡೇನಿಯಲ್ ಮೆಡ್ವೆಡೆವ್ ಮೊದಲ ಸುತ್ತಲ್ಲೇ ಸೋತು, ಗಲಾಟೆಗೂ ರ‍್ಯಾಕೆಟ್ ಒಡೆದದ್ದಕ್ಕೂ ಸೇರಿ 42,500 ಡಾಲರ್ ಕಟ್ಟಿದರು. ಆ ಸುತ್ತಿನ ಬಹುಮಾನವೇ 1,10,000. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯ್ತು. ಅಂದರೆ ಅದೇ ಜಾತಿಯ ಸಿಟ್ಟು, ಗೆಲ್ಲುತ್ತಾ ಹೋದವರಿಗೆ ಚಿಲ್ಲರೆ, ಬೇಗ ಸೋತವರಿಗೆ ಬರೆ. ಪಾಯಿಂಟ್ ಹಾಗಲ್ಲ. 30-40ರಲ್ಲಿ ಪಾಯಿಂಟ್ ಹೋದರೆ ಕೋಟ್ಯಧಿಪತಿಗೂ ಗೇಮ್ ಹೋಗುತ್ತದೆ, ನಿಮ್ಮ ಮಗನಿಗೂ ಹೋಗುತ್ತದೆ. ಶಿಕ್ಷೆ ಅಂದರೆ ನನಗೆ ಅದೇ ಸರಿ ಕಾಣುವುದು.

ಪ್ರಶ್ನೆ – ಮಣಿಪಾಲದ ವಿದ್ಯಾರ್ಥಿ

ಹಾಗಾದರೆ ಜೊಕೊವಿಚ್‌ಗೆ ಆದದ್ದು? ಬೇಕಂತ ಹೊಡೆದದ್ದಲ್ಲ. ಒಂದೇ ಏಟಿಗೆ ಟೂರ್ನಿಯಿಂದಲೇ ಹೊರಗೆ. ಜಾಸ್ತಿ ಆಯ್ತು ಅಲ್ವಾ?

ಉತ್ತರ

2020ರ ಯುಎಸ್ ಓಪನ್, ನಾಲ್ಕನೇ ಸುತ್ತು, ಎದುರಿಗೆ ಕರೆನೊ ಬುಸ್ತಾ. ಮೊದಲ ಸೆಟ್ 5-6. ಸರ್ವಿಸ್ ಕಳೆದುಕೊಂಡ ಜೊಕೊವಿಚ್ ಜೇಬಿಂದ ಚೆಂಡು ತೆಗೆದು, ನೋಡದೆಯೇ ಹಿಂದಕ್ಕೆ ಹೊಡೆದರು. ಅದು ಲೈನ್ ಅಂಪೈರ್ ಹೆಂಗಸಿನ ಗಂಟಲಿಗೆ ಬಡಿಯಿತು. ಅಂದು ವಿಶ್ವದ ನಂಬರ್ ಒನ್ ಅವರೇ. ನೆಟ್ ಹತ್ತಿರ ರೆಫರಿ ಜೊತೆ ಬಹಳ ಹೊತ್ತು ಮಾತಾಡಿದರು, ಏನೂ ನಡೆಯಲಿಲ್ಲ. 2,50,000 ಡಾಲರ್ ಬಹುಮಾನ, ಆ ಟೂರ್ನಿಯ ರ‍್ಯಾಂಕಿಂಗ್ ಪಾಯಿಂಟ್ಸ್ ಎಲ್ಲ ಹೋಯ್ತು.

ಉದ್ದೇಶ ಇರಲಿಲ್ಲ, ನಿಜ. ಆದರೆ ಹಿಂದೆ ಜನ ನಿಂತಿರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಸಿಟ್ಟಲ್ಲಿ ನೋಡದೆ ಹೊಡೆದದ್ದೇ ತಪ್ಪು, ಗಂಟಲಿಗೆ ಬಿದ್ದದ್ದು ಗ್ರಹಚಾರ. ವಿಂಬಲ್ಡನ್‌ನಲ್ಲಿ 1995ರಲ್ಲಿ ಟಿಮ್ ಹೆನ್ಮನ್‌ಗೂ ಹೀಗೇ ಆಯ್ತು. ಸಿಟ್ಟಲ್ಲಿ ಹೊಡೆದ ಚೆಂಡು ಚೆಂಡು ಹೆಕ್ಕುವ ಹುಡುಗಿಗೆ ತಾಗಿತು, ಡಬಲ್ಸ್ ಪಂದ್ಯದಿಂದ ಹೊರಗೆ. ಮರುದಿನ ಹೂಗುಚ್ಛ ಹಿಡಿದು ಅವಳ ಹತ್ತಿರ ಹೋದರು ಪಾಪ.

ನನಗೆ ಸರಿ ಕಾಣದ್ದು ಇನ್ನೊಂದು. 2022ರಲ್ಲಿ ಅಕಾಪುಲ್ಕೊದಲ್ಲಿ ಜ್ವೆರೆವ್ ಡಬಲ್ಸ್ ಸೋತು, ಅಂಪೈರ್ ಇನ್ನೂ ಮೇಲೆ ಕೂತಿರುವಾಗಲೇ ಆ ಕುರ್ಚಿಗೆ ಮೂರು ನಾಲ್ಕು ಸಲ ರ‍್ಯಾಕೆಟ್ ಬೀಸಿದರು. ಕಾಲಿಗೆ ತಾಗದ್ದು ಪುಣ್ಯ. ಸಿಂಗಲ್ಸ್‌ನಿಂದ ಹೊರಗೆ ಹಾಕಿದರು, 40,000 ಡಾಲರ್ ದಂಡ ಹಾಕಿದರು, ಅಲ್ಲಿಯ ಬಹುಮಾನ, ಪಾಯಿಂಟ್ಸ್ ತೆಗೆದರು. ಅಲ್ಲಿವರೆಗೆ ಸರಿ. ಆಮೇಲೆ ಎಂಟು ವಾರದ ನಿಷೇಧವನ್ನೂ ಹೇಳಿ, ಒಂದು ವರ್ಷ ಸುಮ್ಮನಿದ್ದರೆ ಅದು ಬೇಡ ಅಂದರು. ಒಬ್ಬ ಮನುಷ್ಯ ಕೂತ ಕುರ್ಚಿಗೆ ಬೇಕಂತಲೇ ಹೊಡೆದವನು ಆ ಎಂಟು ವಾರ ಮನೆಯಲ್ಲಿ ಕೂರಬೇಕಿತ್ತು. ನಾನು ಕುರ್ಚಿಯಲ್ಲಿ ಕೂರುವವನು, ಪಕ್ಷಪಾತ ಅಂದರೂ ಪರವಾಗಿಲ್ಲ.

ಪ್ರಶ್ನೆ – ಕದ್ರಿಯಿಂದ ಒಬ್ಬರು

ಸರ್, ಅಂಪೈರ್ ಬೆಂಗಳೂರಿನವರಾಗಿದ್ದು ಆಟಗಾರ ತುಳುವಲ್ಲಿ ಬೈದರೆ ಎಂತ ಮಾಡುವುದು? 😄

ಉತ್ತರ

ನನಗೆ ತುಳು, ಕೊಂಕಣಿ, ಬ್ಯಾರಿ ಮೂರರಲ್ಲೂ ಬೈಗುಳ ಗೊತ್ತು, ಹೆದರಬೇಡಿ. ಆದರೆ ನೀವು ನಗುತ್ತಾ ಕೇಳಿದ್ದು ದೊಡ್ಡ ಪ್ರಶ್ನೆ. 2024ರಲ್ಲಿ ದುಬೈ ಸೆಮಿಫೈನಲ್. ರುಬ್ಲೆವ್ ಮತ್ತು ಬುಬ್ಲಿಕ್. ಮೂರನೇ ಸೆಟ್‌ನಲ್ಲಿ ಬುಬ್ಲಿಕ್ 6-5 ಮುಂದಿದ್ದರು. ರುಬ್ಲೆವ್ ಒಬ್ಬ ಲೈನ್ ಅಂಪೈರ್ ಮುಖಕ್ಕೆ ಹತ್ತಿರ ಹೋಗಿ ಕೂಗಿದರು. ರಷ್ಯನ್‌ನಲ್ಲಿ ಕೆಟ್ಟದಾಗಿ ಬೈದರು ಅಂತ ರಷ್ಯನ್ ಬಲ್ಲ ಒಬ್ಬ ಅಧಿಕಾರಿ ಹೇಳಿದರು. ನಾನು ರಷ್ಯನ್ ಮಾತಾಡಲೇ ಇಲ್ಲ ಅಂದರು ರುಬ್ಲೆವ್. ವಿಡಿಯೊ ನೋಡಲಿಲ್ಲ, ಅಲ್ಲೇ ಹೊರಗೆ ಹಾಕಿದರು. ಮೇಲ್ಮನವಿ ಆದ ಮೇಲೆ ಬಹುಮಾನ, ಪಾಯಿಂಟ್ಸ್ ವಾಪಸ್ ಕೊಟ್ಟರು, ದಂಡ ಮಾತ್ರ ಉಳಿಯಿತು.

ದುಡ್ಡು ವಾಪಸ್ ಬರುತ್ತದೆ, ಪಾಯಿಂಟ್ಸ್ ವಾಪಸ್ ಬರುತ್ತವೆ. ಆ ಸೆಮಿಫೈನಲ್ ಎಲ್ಲಿಂದ ತರುವುದು? ಹಾಗೆ ಕೂಗಿದ್ದಕ್ಕೆ ಶಿಕ್ಷೆ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಹೊರಗೆ ಹಾಕುವ ಮೊದಲು ಎರಡು ನಿಮಿಷ ಟೇಪ್ ಕೇಳಿದರೆ ಗಂಟೇನು ಹೋಗುತ್ತದೆ? ಒಬ್ಬರ ಕಿವಿಯನ್ನೇ ನಂಬಿ ನಾನಾದರೆ ಗೇಮ್ ಕೊಡಬಹುದು, ಪಂದ್ಯ ಕೊಡುವುದಿಲ್ಲ.

ಪ್ರಶ್ನೆ – ಉಡುಪಿಯ ಅಪ್ಪ, ಮತ್ತೆ

ಅರ್ಥವಾಯ್ತು ಸರ್. ಮಗನ ಮೇಲೆ ಇನ್ನೇನಾದರೂ ಕ್ರಮ ಬರಬಹುದಾ? ಬರೆದು ಕೊಡಬೇಕಾ?

ಉತ್ತರ

ಒಂದು ಎಚ್ಚರಿಕೆ, ಒಂದು ಪಾಯಿಂಟಿಗೆ ಊರಿನ ಟೂರ್ನಿಯಲ್ಲಿ ಯಾರೂ ಫೈಲ್ ತೆರೆಯುವುದಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಜೂನಿಯರ್ ಟೂರ್ನಿಗಳಿಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ಮಕ್ಕಳಿಗೆ ದುಡ್ಡಿನ ದಂಡ ಇಲ್ಲ, ಸಸ್ಪೆನ್ಶನ್ ಪಾಯಿಂಟ್ ಇರುತ್ತದೆ. ಅದು ತುಂಬಿದರೆ ಕೆಲವು ವಾರ ಆಡುವ ಹಾಗಿಲ್ಲ.

ಬರೆದು ಕೊಡುವುದೇನೂ ಬೇಡ. ಮಳೆಗಾಲಕ್ಕೆ ಮೊದಲು ಅದೇ ಕೋರ್ಟಿಗೆ ಮತ್ತೆ ಬರುತ್ತೀರಲ್ಲ, ಮಗನಿಗೆ ಆ ಚೆಂಡು ಹೆಕ್ಕುವ ಹುಡುಗನ ಹತ್ತಿರ ಎರಡು ಮಾತಾಡಲು ಹೇಳಿ. ಗುಂಡಿ ಬಿದ್ದ ಜಾಗಕ್ಕೆ ಮಣ್ಣು ಹಾಕಿ ರೋಲರ್ ಎಳೆದವನೂ ಅವನೇ. ಮತ್ತೆ ರ‍್ಯಾಕೆಟ್ ಒಮ್ಮೆ ನೋಡಿ. ನೆಲಕ್ಕೆ ಕುಟ್ಟಿದರೆ ಫ್ರೇಮ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಹೊಸ ಗಟ್ಟಿಂಗ್ (ತಂತಿ) ಹಾಕುವಾಗ ಅಲ್ಲೇ ಮುರಿಯುವುದು.